ಮಗು ಮಲಗುವುದಿಲ್ಲವೆಂಬ ದೂರು



ಇತ್ತೀಚೆಗೆ ನಿಮ್ಮಲ್ಲಿ ಅನೇಕರು ನನ್ನೊಡನೆ ಮಾತನಾಡುವಾಗ, ಕುಶಲಪ್ರಶ್ನೆ ಮುಗಿದ ಕೂಡಲೇ ಒಂದು ದೂರನ್ನು ಹೇಳುತ್ತೀರಿ. ಮಗ ರಾತ್ರಿ ಹನ್ನೊಂದು ಗಂಟೆಯಾದರೂ ಮಲಗುವುದಿಲ್ಲ. ಮಗಳು ನಡುರಾತ್ರಿ ಎದ್ದು ಕುಳಿತುಕೊಳ್ಳುತ್ತಾಳೆ. ಮೊಮ್ಮಗನನ್ನು ಬೆಳಿಗ್ಗೆ ಎಬ್ಬಿಸುವಷ್ಟರಲ್ಲಿ ಮನೆಮಂದಿಯ ತಾಳ್ಮೆಯೆಲ್ಲ ಮುಗಿದಿರುತ್ತದೆ. ದೂರು ಕೊಡುವವರು ತಂದೆತಾಯಿ, ಆರೋಪಿ ಮಗು. ತೀರ್ಪು ಮೊದಲೇ ಬರೆದಿಟ್ಟಂತಿರುತ್ತದೆ: ಮಗು ಹಟಮಾರಿ, ಇಲ್ಲವೇ ಸೋಮಾರಿ, ಎರಡೂ ಅಲ್ಲವಾದರೆ ರೋಗಿ. ಈ ತೀರ್ಪನ್ನು ನಾನು ಒಪ್ಪಲಾರೆ. ಹೆಚ್ಚಿನ ಮನೆಗಳಲ್ಲಿ ಕಟಕಟೆಯಲ್ಲಿ ನಿಲ್ಲಬೇಕಾದವರು ಮನೆಯ ಹಿರಿಯರು, ಶಾಲೆಯನ್ನು ನಡೆಸುವವರು ಮತ್ತು ಫಲಿತಾಂಶದ ಪಟ್ಟಿಯನ್ನು ನೋಡಿ ಚಪ್ಪಾಳೆ ತಟ್ಟುವ ನಾವೆಲ್ಲರೂ ಎಂಬುದು ನನ್ನ ವಾದ.

ನಾನು ವೈದ್ಯನಲ್ಲ. ಆದರೆ ಮೂರು ದಶಕಗಳಿಗೂ ಮಿಕ್ಕಿ ತರಗತಿಯ ಮೊದಲನೆಯ ಪಿರಿಯಡ್ಡಿನಲ್ಲಿ ಮಕ್ಕಳ ಮುಖಗಳನ್ನು ನೋಡಿದವನು. ಯಾವ ಮಗು ಮಲಗಿ ಎದ್ದು ಬಂದಿದೆ, ಯಾವುದು ಎದ್ದು ಬಂದು ಇನ್ನೂ ಮಲಗಿಯೇ ಇದೆ ಎಂಬುದು ಹಾಜರಿ ಕರೆಯುವಾಗಲೇ ತಿಳಿಯುತ್ತದೆ. ನಿವೃತ್ತನಾದ ಬಳಿಕ ಬಿಡುವು ದೊರೆತದ್ದರಿಂದ ಈ ವಿಷಯವನ್ನು ಕುರಿತು ಒಂದಿಷ್ಟು ಓದಿದೆ. ಕಂಡದ್ದನ್ನೂ ಓದಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲಿಗೆ ಲೆಕ್ಕ. ನಿದ್ರೆಯ ವೈದ್ಯರ ಅಮೆರಿಕದ ಸಂಸ್ಥೆಯೊಂದು 2016ರಲ್ಲಿ ಒಪ್ಪಿತವಾದ ಪ್ರಮಾಣವನ್ನು ಪ್ರಕಟಿಸಿತು. ದಿನದ 24 ಗಂಟೆಗಳಲ್ಲಿ ಒಂದರಿಂದ ಎರಡು ವರ್ಷದ ಮಗುವಿಗೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ, ಆರರಿಂದ ಹನ್ನೆರಡರವರೆಗೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರೆಗೆ 8ರಿಂದ 10 ಗಂಟೆ ನಿದ್ರೆ ಬೇಕು. ಚಿಕ್ಕವರ ಲೆಕ್ಕದಲ್ಲಿ ಹಗಲಿನ ನಿದ್ರೆಯೂ ಸೇರಿದೆ. ಈಗ ನಮ್ಮ ಊರಿನ ಹತ್ತನೆಯ ತರಗತಿಯ ಹುಡುಗನೊಬ್ಬನ ದಿನವನ್ನು ನೋಡೋಣ. ಬೆಳಿಗ್ಗೆ ಐದಕ್ಕೆ ಅಲಾರಾಂ. ಏಳಕ್ಕೆ ಶಾಲೆಯ ವ್ಯಾನು. ಅದು ವೇಣೂರಿನ ಕಡೆಯ ಮಕ್ಕಳನ್ನೂ ಮಡಂತ್ಯಾರಿನ ಕಡೆಯ ಮಕ್ಕಳನ್ನೂ ಹತ್ತಿಸಿಕೊಂಡು ಸುತ್ತುಹಾಕಿ ಹೋಗಬೇಕು. ಪಾಠದ ಮೊದಲು ವಿಶೇಷ ತರಗತಿ, ಪಾಠ ಮುಗಿದ ಮೇಲೆ ಇನ್ನೊಂದು ವಿಶೇಷ ತರಗತಿ, ಅನಂತರ ಟ್ಯೂಷನ್. ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ಸ್ನಾನ, ಊಟ, ಮನೆಗೆಲಸ. ಹಾಸಿಗೆಗೆ ಹೋಗುವಾಗ ಹನ್ನೊಂದೂಕಾಲು. ಹಾಸಿಗೆಗೆ ತಲೆಯಿಟ್ಟ ಕ್ಷಣವೇ ನಿದ್ರೆ ಬಂತೆಂದು ಇಟ್ಟುಕೊಂಡರೂ ದೊರೆತದ್ದು ಐದೂಮುಕ್ಕಾಲು ಗಂಟೆ. ಕನಿಷ್ಠ ಪ್ರಮಾಣಕ್ಕೆ ಎರಡೂಕಾಲು ಗಂಟೆ ಕಡಿಮೆ. ಆರು ದಿನಗಳಿಗೆ ಹದಿಮೂರೂವರೆ ಗಂಟೆ. ಅಂದರೆ ವಾರಕ್ಕೆ ಒಂದೂವರೆ ರಾತ್ರಿ ಆ ಹುಡುಗನ ಬಾಳಿನಿಂದ ಕಾಣೆಯಾಗುತ್ತದೆ. ಭಾನುವಾರ ಅವನು ಹತ್ತು ಗಂಟೆಯವರೆಗೆ ಮಲಗಿದರೆ ‘ನೋಡಿ ಮಾಷ್ಟ್ರೇ, ಎಂಥ ಉದಾಸೀನ ಇವನಿಗೆ’ ಎಂದು ನನ್ನೊಡನೆ ದೂರುತ್ತೀರಿ. ಅವನು ಸಾಲದ ಬಡ್ಡಿಯನ್ನೂ ತೀರಿಸಿರುವುದಿಲ್ಲ.

ಇದನ್ನು ಅನಿದ್ರೆ ಎಂದು ಕರೆಯುವುದೇ ತಪ್ಪು. ಮಲಗಲು ಸಾಕಷ್ಟು ಅವಕಾಶವಿದ್ದು, ಶಾಂತವಾದ ಸ್ಥಳವಿದ್ದು, ಆದರೂ ನಿದ್ರೆ ಹತ್ತದಿದ್ದರೆ, ಹತ್ತಿದ್ದು ನಿಲ್ಲದಿದ್ದರೆ, ಅದು ವಾರಕ್ಕೆ ಮೂರು ದಿನದಂತೆ ಮೂರು ತಿಂಗಳು ನಡೆದು ಹಗಲಿನ ಬಾಳನ್ನೂ ಕೆಡಿಸಿದರೆ, ಆಗ ವೈದ್ಯರು ಅದನ್ನು ದೀರ್ಘಕಾಲದ ಅನಿದ್ರೆ ಎನ್ನುತ್ತಾರೆ. ಅವಕಾಶವನ್ನೇ ಕೊಡದೆ ನಿದ್ರೆ ಬರುವುದಿಲ್ಲ ಎನ್ನುವುದು, ಬಟ್ಟಲಿಗೆ ಅನ್ನ ಬಡಿಸದೆ ಮಗು ಉಣ್ಣುವುದಿಲ್ಲ ಎಂದು ದೂರಿದಂತೆ. ಮೊದಲನೆಯದಕ್ಕೆ ಚಿಕಿತ್ಸೆ ಬೇಕು. ಎರಡನೆಯದಕ್ಕೆ ವೇಳಾಪಟ್ಟಿಯನ್ನು ತಿದ್ದುವ ಧೈರ್ಯ ಬೇಕು.

ನಿಜವಾದ ಅನಿದ್ರೆಯೂ ಮಕ್ಕಳಲ್ಲಿ ಇದೆ. ಎಳೆಯರಲ್ಲಿ ಅದು ಸಾಮಾನ್ಯವಾಗಿ ಎರಡು ಬಗೆಯದು. ಒಂದು, ಅಭ್ಯಾಸದ ಬಗೆ. ನಿದ್ರೆ ಒಂದೇ ಎಳೆಯಾಗಿ ಸಾಗುವುದಿಲ್ಲ. ಒಂದು, ಒಂದೂವರೆ ಗಂಟೆಗೊಮ್ಮೆ ಅದು ತೆಳುವಾಗುತ್ತದೆ. ಎಲ್ಲರೂ ಆಗ ಅರೆಕ್ಷಣ ಎಚ್ಚರಗೊಂಡು ಮತ್ತೆ ಮಲಗುತ್ತೇವೆ, ಬೆಳಿಗ್ಗೆ ನೆನಪಿರುವುದಿಲ್ಲ. ಆದರೆ ಮಗುವನ್ನು ಪ್ರತಿದಿನ ತೋಳಿನಲ್ಲಿ ಹೊತ್ತು ತಿರುಗಿಸಿ, ಇಲ್ಲವೇ ಮೊಬೈಲಿನ ಚಿತ್ರ ತೋರಿಸಿ ಮಲಗಿಸಿದರೆ, ನಿದ್ರೆಗೂ ಆ ವಸ್ತುವಿಗೂ ಗಂಟು ಬೀಳುತ್ತದೆ. ನಡುರಾತ್ರಿ ಕಣ್ಣುಬಿಟ್ಟಾಗ ಮಗು ಅದೇ ತೋಳನ್ನು, ಅದೇ ಚಿತ್ರವನ್ನು ಹುಡುಕುತ್ತದೆ, ಸಿಗದಿದ್ದರೆ ಅಳುತ್ತದೆ. ಎರಡನೆಯದು ಮೇರೆಯಿಲ್ಲದ ಬಗೆ. ‘ಇನ್ನೊಂದು ಕತೆ, ಇನ್ನೊಂದು ಲೋಟ ನೀರು, ಇನ್ನೈದು ನಿಮಿಷ’ ಎಂಬ ಬೇಡಿಕೆಗಳಿಗೆ ಅಪ್ಪ ಇಲ್ಲವೆಂದರೆ ಅಜ್ಜ ಹೌದೆನ್ನುತ್ತಾನೆ. ಮಗು ಮನೆಯ ಭಿನ್ನಮತವನ್ನು ನಮ್ಮ ರಾಜಕಾರಣಿಗಳಿಗಿಂತ ಚೆನ್ನಾಗಿ ಬಳಸಿಕೊಳ್ಳುತ್ತದೆ.

ಇವೆರಡಕ್ಕೂ ಮದ್ದು ಬಾಟಲಿಯಲ್ಲಿ ಇಲ್ಲ. ಪ್ರತಿರಾತ್ರಿ ಅದೇ ಹೊತ್ತು, ಅದೇ ಕ್ರಮ: ಊಟ, ಕೈಕಾಲು ತೊಳೆಯುವುದು, ಒಂದು ಕತೆ, ದೀಪ ಆರಿಸುವುದು. ಮಗು ತೂಕಡಿಸುತ್ತಿರುವಾಗ, ಪೂರ್ಣ ಮಲಗುವ ಮೊದಲೇ ಹಾಸಿಗೆಯಲ್ಲಿ ಬಿಡಬೇಕು. ಅತ್ತರೆ ಹೋಗಿ ಮುಟ್ಟಿ ಸಮಾಧಾನ ಹೇಳಿ ಬರಬೇಕು; ಎತ್ತಿಕೊಂಡು ಚಾವಡಿಗೆ ತರಬಾರದು. ಮನೆಯ ಹಿರಿಯರೆಲ್ಲರೂ ಒಂದೇ ಮಾತಿಗೆ ನಿಂತರೆ ಹೆಚ್ಚಿನ ಮಕ್ಕಳು ಕೆಲವೇ ವಾರಗಳಲ್ಲಿ ಹಾದಿಗೆ ಬರುತ್ತಾರೆ. ಪಾಶ್ಚಾತ್ಯರ ಪುಸ್ತಕಗಳಲ್ಲಿ ಮಗುವಿಗೆ ಬೇರೆ ಕೋಣೆ ಕೊಡಿ ಎಂದಿರುತ್ತದೆ. ಅಜ್ಜಿಯ ಪಕ್ಕದಲ್ಲಿ ಚಾಪೆ ಹಾಸಿ ಮಲಗಿ ಬೆಳೆದ ಮಕ್ಕಳ ನಾಡು ನಮ್ಮದು; ಅದನ್ನು ಬಿಡಬೇಕಾಗಿಲ್ಲ. ಅಜ್ಜಿಯ ಕೈಯಲ್ಲಿ ಮೊಬೈಲ್ ಇರಬಾರದು, ಅಷ್ಟೇ. ಕತ್ತಲಾದಾಗ ಮೆದುಳಿನ ಪುಟ್ಟ ಗ್ರಂಥಿಯೊಂದು ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಬೆಳಕು ಅದನ್ನು ತಡೆಯುತ್ತದೆ, ದೊಡ್ಡವರಿಗಿಂತ ಎಳೆಯರಲ್ಲಿ ಹೆಚ್ಚು ತಡೆಯುತ್ತದೆ. ಮುಖದ ಮುಂದೆ ಬೆಳಕಿನ ಹಲಗೆ ಹಿಡಿದು ನಿದ್ರೆಯನ್ನು ಕರೆಯುವುದು, ಬಾಗಿಲು ಮುಚ್ಚಿ ಅತಿಥಿಯನ್ನು ಕರೆದಂತೆ.

ದೇಹದ ಕಾರಣಗಳೂ ಇವೆ. ಇವನ್ನು ಹುಡುಕದೆ ಮಗುವನ್ನು ಬೈಯುವುದು ಅನ್ಯಾಯ. ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿಗೆ ಗಂಟಲಿನ ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ಊದಿ ಉಸಿರು ಕಟ್ಟುತ್ತಿರಬಹುದು. ರಾತ್ರಿ ಗುದದ್ವಾರದಲ್ಲಿ ತುರಿಕೆಯೆದ್ದು ಹೊರಳಾಡುವ ಮಗುವಿಗೆ ಜಂತುಹುಳ ಇರಬಹುದು. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಹುಳದ ಮಾತ್ರೆಯನ್ನು ‘ನಮ್ಮ ಮಗುವಿಗೆ ಬೇಡ’ ಎಂದು ತಪ್ಪಿಸುವವರು ಇದನ್ನು ನೆನಪಿಡಬೇಕು. ಮಳೆಗಾಲದ ಉಬ್ಬಸ, ಚರ್ಮದ ತುರಿಕೆ, ಕಿವಿನೋವು, ಹೊಟ್ಟೆಯ ಹುಳಿ ಎಲ್ಲವೂ ನಿದ್ರೆಯ ಶತ್ರುಗಳು. ಕಾಲಿನಲ್ಲಿ ಏನೋ ಹರಿದಂತಾಗುತ್ತದೆ, ಆಡಿಸದೆ ಇರಲಾರೆ ಎನ್ನುವ ಮಗುವಿಗೆ ಕಬ್ಬಿಣಾಂಶದ ಕೊರತೆ ಇರಬಹುದು. ನಮ್ಮ ದೇಶದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67.1 ಮಂದಿಗೆ ರಕ್ತಹೀನತೆ ಇದೆ ಎಂದಿತು. ಅಂಥ ದೇಶದಲ್ಲಿ, ಹೊರಳಾಡುವ ಮಗುವಿನ ರಕ್ತಪರೀಕ್ಷೆ ಮಾಡಿಸುವ ಮೊದಲೇ ಅದನ್ನು ಹಟಮಾರಿ ಎನ್ನುವುದು ಎಷ್ಟು ಸರಿ?

ಮಲಗಿ ಒಂದೆರಡು ಗಂಟೆಯೊಳಗೆ ಮಗು ಚೀರಿ ಎದ್ದು, ಕಣ್ಣು ತೆರೆದಿದ್ದರೂ ಯಾರನ್ನೂ ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲವೆಂದರೆ ನಮ್ಮಲ್ಲಿ ‘ಹೆದರಿಕೆ ತಾಗಿದೆ’ ಎನ್ನುತ್ತಾರೆ, ನೂಲು ಕಟ್ಟಿಸುತ್ತಾರೆ. ಗಾಢನಿದ್ರೆಯಿಂದ ಅರ್ಧ ಮಾತ್ರ ಹೊರಬಂದ ಸ್ಥಿತಿ ಅದು. ಬೆಳೆದಂತೆ ತಾನಾಗಿ ಹೋಗುತ್ತದೆ, ನಿದ್ರೆ ಕಡಿಮೆಯಾದಾಗ ಹೆಚ್ಚುತ್ತದೆ. ನೂಲು ಕಟ್ಟಿಸುವುದರಿಂದ ತಾಯಿಗೆ ಧೈರ್ಯ ಬರುವುದಾದರೆ ನನ್ನ ಆಕ್ಷೇಪವಿಲ್ಲ. ಅದರ ಜೊತೆಗೆ ಒಂದು ಗಂಟೆ ಮೊದಲು ಮಲಗಿಸಿ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಮಗು ಮಲಗಲೆಂದು ಕೆಮ್ಮಿನ ಸಿರಪ್ ಕುಡಿಸುವ ಪದ್ಧತಿ ನಮ್ಮ ವಿದ್ಯಾವಂತರ ಮನೆಗಳಲ್ಲಿ ಗುಟ್ಟಾಗಿ ಬೆಳೆದಿದೆ. ದೂರದ ಪ್ರಯಾಣಕ್ಕೆ ಒಂದು ಮುಚ್ಚಳ, ಮದುವೆಮನೆಯಲ್ಲಿ ಗಲಾಟೆ ಮಾಡಬಾರದೆಂದು ಅರ್ಧ ಮುಚ್ಚಳ! ಆ ಸಿರಪ್ಪುಗಳಲ್ಲಿ ಇರುವ ಅಲರ್ಜಿಯ ಔಷಧಗಳು ಮಂಪರನ್ನು ತರುತ್ತವೆ, ಮಾಗಿದ ನಿದ್ರೆಯನ್ನಲ್ಲ. ಕೆಲವು ಮಕ್ಕಳಲ್ಲಿ ತಿರುಗುಬಾಣವಾಗಿ ಚಡಪಡಿಕೆಯನ್ನೇ ಹೆಚ್ಚಿಸುತ್ತವೆ. ಆ ವರ್ಗದ ಪ್ರೊಮೆಥಝಿನ್ ಎಂಬುದು ಎರಡು ವರ್ಷದೊಳಗಿನವರಲ್ಲಿ ಉಸಿರಾಟವನ್ನೇ ಕುಗ್ಗಿಸಬಲ್ಲದು. 2023ರ ಡಿಸೆಂಬರಿನಲ್ಲಿ ನಮ್ಮ ಔಷಧ ನಿಯಂತ್ರಕರು, ಶೀತದ ಒಂದು ಜೋಡಿ ಔಷಧದ ಮೇಲೆ ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಮುದ್ರಿಸಲು ಆದೇಶಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಸೋತು ಸತ್ತರು. ಆ ತಾಯಂದಿರು ಕೊಟ್ಟದ್ದು ಕೆಮ್ಮಿಗೆ, ವೈದ್ಯರ ಚೀಟಿಯ ಮೇಲೆ. ಆಗ ಕೇಂದ್ರದ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು–ಶೀತದ ಸಿರಪ್ ಬೇಡವೇ ಬೇಡ, ಐದರೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದಿತು. ಕೆಮ್ಮಿಗೇ ಬೇಡವೆಂದದ್ದನ್ನು ಕೆಮ್ಮಿಲ್ಲದ ಮಗುವಿಗೆ, ನಮ್ಮ ಅನುಕೂಲಕ್ಕಾಗಿ ಕುಡಿಸುವುದನ್ನು ಏನೆಂದು ಕರೆಯಬೇಕು?

ಹಳ್ಳಿಮದ್ದಿನ ಪಕ್ಷದವರು ಇಷ್ಟಕ್ಕೆ ಬೀಗಬಾರದು. ಜಾಯಿಕಾಯಿ ತೇಯ್ದು ನೆಕ್ಕಿಸುವುದು ನಮ್ಮಲ್ಲಿಯೂ ಉಂಟು. ಮಿತಿ ಮೀರಿದ ಜಾಯಿಕಾಯಿ ವಿಷ. ಎಳೆಕೂಸಿಗೆ ಮಿತಿ ಎಷ್ಟೆಂದು ತೇಯುವ ಕಲ್ಲಿಗೆ ತಿಳಿಯದು.

ಅಮೆರಿಕದಲ್ಲಿರುವ ಶಿಷ್ಯರಿಗೂ ಒಂದು ಮಾತು. ಅಲ್ಲಿ ಅಂಗಡಿಯಲ್ಲಿ ಮಿಠಾಯಿಯ ರೂಪದಲ್ಲಿ ಮೆಲಟೋನಿನ್ ಸಿಗುತ್ತದೆ, ಕೊಡಬಹುದೇ ಎಂದು ಕೇಳಿದ್ದೀರಿ. 2023ರಲ್ಲಿ ಅಲ್ಲಿಯ ಸಂಶೋಧಕರು ಅಂಥ 25 ಮಿಠಾಯಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಚೀಟಿಯ ಮೇಲಿನ ಪ್ರಮಾಣ ಸರಿಯಿರಲಿಲ್ಲ. ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ಮಕ್ಕಳು ಅದನ್ನು ನುಂಗಿದ್ದಕ್ಕಾಗಿ ವಿಷನಿವಾರಣಾ ಕೇಂದ್ರಗಳಿಗೆ ಬಂದ ಕರೆಗಳು 2012ರಲ್ಲಿ 8,337 ಇದ್ದದ್ದು 2021ರಲ್ಲಿ 52,563ಕ್ಕೆ ಏರಿದವು. ಆಟಿಸಂನಂತಹ ಸಮಸ್ಯೆಯಿರುವ ಮಕ್ಕಳಿಗೆ ತಜ್ಞರು ಅದನ್ನು ಯೋಚಿಸಿ ಕೊಡುವುದುಂಟು. ಅದು ಬೇರೆಯೇ ವಿಷಯ. ಮಕ್ಕಳ ಅನಿದ್ರೆಗೆಂದು ಅಲ್ಲಿಯ ಔಷಧ ಪ್ರಾಧಿಕಾರ ಒಪ್ಪಿಗೆ ಕೊಟ್ಟ ಗುಳಿಗೆ ಒಂದೂ ಇಲ್ಲವೆಂಬುದನ್ನು ಮರೆಯಬೇಡಿ.

ಇನ್ನು ದೊಡ್ಡ ಮಕ್ಕಳು. ಹದಿಹರೆಯದಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ಹಿಂದೆ ಸರಿಯುತ್ತದೆ. ಹತ್ತು ವರ್ಷದವನಿಗೆ ಒಂಬತ್ತಕ್ಕೆ ಬರುತ್ತಿದ್ದ ನಿದ್ರೆ ಹದಿನೈದರಲ್ಲಿ ಹನ್ನೊಂದಕ್ಕೆ ಬರುತ್ತದೆ. ಅದು ಸೋಮಾರಿತನವಲ್ಲ, ಮೀಸೆ ಬಂದಷ್ಟೇ ಸಹಜ. ಇದನ್ನು ಹೇಳಿದಾಗ ಹಿರಿಯರು ‘ಬ್ರಾಹ್ಮೀ ಮುಹೂರ್ತ’ ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ. ಒಪ್ಪಿದೆ. ಆದರೆ ಆ ನಿಯಮಕ್ಕೆ ಎರಡು ಭಾಗಗಳಿದ್ದವು. ನಾಲ್ಕೂವರೆಗೆ ಏಳುತ್ತಿದ್ದ ನಮ್ಮ ಹಿರಿಯರು ಎಂಟಕ್ಕೆ ಚಿಮಣಿ ಆರಿಸುತ್ತಿದ್ದರು. ನಾವು ರಾತ್ರಿಯ ಭಾಗವನ್ನು ಟಿ.ವಿ.ಗೂ ಟ್ಯೂಷನ್ನಿಗೂ ಕೊಟ್ಟು, ಬೆಳಗಿನ ಭಾಗವನ್ನು ಮಾತ್ರ ಮಗುವಿನ ತಲೆಗೆ ಕಟ್ಟಿದ್ದೇವೆ. ಆಯುರ್ವೇದವು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹದ ಮೂರು ಊರುಗೋಲುಗಳೆಂದಿತು. ಸಂಪ್ರದಾಯವನ್ನು ಉದ್ಧರಿಸುವವರು ಅದನ್ನೂ ಉದ್ಧರಿಸಲಿ.

‘ಫಲಿತಾಂಶ ಬರುತ್ತಿದೆಯಲ್ಲ’ ಎಂಬುದು ಎರಡನೆಯ ಆಕ್ಷೇಪ. ಹೌದು, ಬರುತ್ತಿದೆ. 2024ರ ಎಸ್.ಎಸ್.ಎಲ್.ಸಿ.ಯಲ್ಲಿ ಉಡುಪಿ ಪ್ರಥಮ, ನಮ್ಮ ದಕ್ಷಿಣ ಕನ್ನಡ ದ್ವಿತೀಯ. 2025ರಲ್ಲಿ ನಾವು ಪ್ರಥಮ, ಅವರು ದ್ವಿತೀಯ. ನಾನೂ ಹೆಮ್ಮೆಪಟ್ಟೆ. ಆದರೆ ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರುವ ಕೆಲಸ ನಡೆಯುವುದು ನಿದ್ರೆಯಲ್ಲಿ. ಬಿತ್ತಿದ ಮೇಲೆ ನೆಲವನ್ನು ಸುಮ್ಮನೆ ಬಿಡದೆ ಮತ್ತೆ ಮತ್ತೆ ಉತ್ತರೆ ಯಾವ ಬೆಳೆ ಬರುತ್ತದೆ? ನಮ್ಮ ಫಲಿತಾಂಶವು ನಿದ್ರೆಗೆಟ್ಟದ್ದರಿಂದ ಬಂತೋ, ನಿದ್ರೆಗೆಟ್ಟರೂ ಒಳ್ಳೆಯ ಶಿಕ್ಷಕರೂ ಓದುವ ಮನೆತನಗಳೂ ಇದ್ದುದರಿಂದ ಬಂತೋ ಎಂದು ಯಾರೂ ಕೇಳುವುದಿಲ್ಲ. ಬೀದಿದೀಪದ ಕೆಳಗೆ ರಾತ್ರಿಯಿಡೀ ಓದಿ ದೊಡ್ಡವರಾದವರ ಕತೆ ಹೇಳುತ್ತೀರಿ. ಹಾಗೆ ಓದಿ ಮುರಿದುಹೋದವರನ್ನು ಶಾಲಾ ವಾರ್ಷಿಕೋತ್ಸವಕ್ಕೆ ಯಾರೂ ಅತಿಥಿಯಾಗಿ ಕರೆಯುವುದಿಲ್ಲ. ಆದ್ದರಿಂದ ಅವರ ಕತೆ ನಿಮಗೆ ತಿಳಿಯುವುದಿಲ್ಲ.

ಬೇರೆಡೆ ಈ ಬಗ್ಗೆ ಯೋಚನೆ ನಡೆದಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ದೊಡ್ಡ ಮಕ್ಕಳ ಶಾಲೆ ಎಂಟೂವರೆಗೆ ಮೊದಲು ತೊಡಗಬಾರದೆಂದು ಹೇಳಿತು. ಕ್ಯಾಲಿಫೋರ್ನಿಯದಲ್ಲಿ 2022ರಿಂದ ಹೈಸ್ಕೂಲುಗಳಿಗೆ ಅದೇ ಕಾನೂನು. ನೆರೆಯ ಮಹಾರಾಷ್ಟ್ರ 2024ರ ಫೆಬ್ರವರಿಯಲ್ಲಿ ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಒಂಬತ್ತರ ಮೊದಲು ಪಾಠ ಬೇಡವೆಂದಿತು. ನಮ್ಮ ರಾಜ್ಯದಲ್ಲಿಯೂ 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಶಾಲೆಗಳ ವೇಳೆಯನ್ನು ಬದಲಿಸುವ ಚರ್ಚೆಯಾಯಿತು. ಕಾರಣ ಮಕ್ಕಳ ನಿದ್ರೆ ಎಂದುಕೊಂಡಿರೇನು? ರಸ್ತೆಯ ವಾಹನದಟ್ಟಣೆ! ಅದನ್ನು ತಗ್ಗಿಸಲು ಶಾಲೆಯನ್ನು ಇನ್ನೂ ಬೇಗ ತೊಡಗಿಸಬಹುದೇ ಎಂಬುದೂ ಆಗ ಕೇಳಿಬಂದ ಮಾತು.

ರಾತ್ರಿಯ ಗದ್ದಲದ ಬಗ್ಗೆ ಹೇಳದಿದ್ದರೆ ಪಕ್ಷಪಾತವಾದೀತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಿಯಾಯಿತಿ ಕೊಡಬಹುದು. ಬಯಲಾಟದ ಚೆಂಡೆಯ ಸದ್ದಿಗೆ ನಿದ್ರಿಸಿ, ಮಹಿಷಾಸುರನ ಆರ್ಭಟಕ್ಕೆ ಎದ್ದು ಬೆಳೆದವನು ನಾನು. ಆಟ ಊರಿಗೆ ಬರುತ್ತಿದ್ದದ್ದು ವರ್ಷಕ್ಕೊಂದೆರಡು ಸಲ. ಮರುದಿನ ಮಧ್ಯಾಹ್ನದವರೆಗೆ ಮಲಗಿದರೂ ಕೇಳುವವರಿರಲಿಲ್ಲ. ಈಗ ಮೆಹಂದಿಯ ಹೆಸರಿನಲ್ಲಿ ಡಿ.ಜೆ. ಹಾಕಿ, ಮರುದಿನ ಪರೀಕ್ಷೆಯಿರುವ ಮಕ್ಕಳ ಕಿಟಕಿ ನಡುಗಿಸುವುದಕ್ಕೆ ಕಲೆಯ ಹೆಸರೂ ಸಲ್ಲದು, ಸಂಪ್ರದಾಯದ ಹೆಸರೂ ಸಲ್ಲದು.

ಕೊನೆಯದಾಗಿ, ಭಯದಿಂದ ಮಲಗದ ಮಕ್ಕಳು. ಏಳನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಊರು, ಹೆಸರು ಬೇಡ. ಪ್ರತಿದಿನ ಮೊದಲ ಪಾಠದಲ್ಲೇ ತಲೆ ಮೇಜಿನ ಮೇಲೆ. ಸಹೋದ್ಯೋಗಿಯೊಬ್ಬರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ನಿಂತಲ್ಲಿಯೇ ತೂಗುತ್ತಿದ್ದಳು. ಒಂದು ದಿನ ನಾನು ಹೊರಗೆ ಕರೆದು ಕೇಳಿದಾಗ ಬಹಳ ಹೊತ್ತಿನ ಬಳಿಕ ಹೇಳಿದಳು: ‘ಅಪ್ಪ ಕುಡಿದು ಬರುವುದು ಒಂದು ಗಂಟೆಗೆ ಸರ್. ನಾನು ಎಚ್ಚರ ಇದ್ದರೆ ಅಮ್ಮನಿಗೆ ಹೊಡೆಯುವುದಿಲ್ಲ.’ ಹನ್ನೆರಡು ವರ್ಷದ ಮಗು ರಾತ್ರಿ ಕಾವಲಿನ ಕೆಲಸ ಮಾಡುತ್ತಿತ್ತು. ಅವಳ ಸೋದರಮಾವನನ್ನು ಕರೆಸಿದೆವು, ಕೆಲವು ತಿಂಗಳು ಅಜ್ಜಿಮನೆಯಿಂದ ಶಾಲೆಗೆ ಬಂದಳು. ಅಲ್ಲಿ ಅವಳಿಗೆ ನಿದ್ರೆ ಬರಲಿಲ್ಲವೆಂಬ ದೂರು ಒಂದು ದಿನವೂ ಇರಲಿಲ್ಲ. ಅಂಥ ಮಗುವಿಗೆ ಸಿರಪ್ ಕುಡಿಸಿದ್ದರೆ? ಪರೀಕ್ಷೆಯ ಭಯ, ಹಾಸ್ಟೆಲಿನ ಕಿರುಕುಳ, ಮನೆಯ ಜಗಳ, ಹೇಳಲಾರದ ಬೇರೆ ಸಂಕಟ, ಇವೆಲ್ಲ ಮೊದಲು ತೋರುವುದು ರಾತ್ರಿಯಲ್ಲೇ. ಬೈಯುವ ಮೊದಲು ಕೇಳಿ. ಯಾರೊಡನೆ ಮಾತನಾಡಬೇಕೆಂದು ತಿಳಿಯದವರಿಗೆ 2022ರಿಂದ ಟೆಲಿಮನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ, ಸಂಖ್ಯೆ 14416. ಮಕ್ಕಳ ರಕ್ಷಣೆಗೆ 1098.

ಮೇಷ್ಟ್ರು ಬರೆದದ್ದರಿಂದ ಮನೆಗೆಲಸವಿಲ್ಲದೆ ಮುಗಿಯಲಾರದು. ಈ ಬಾರಿ ಅದು ತಂದೆತಾಯಿಗೆ. ಒಂದು ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ದಿನ ಬರೆಯಿರಿ: ದೀಪ ಆರಿಸಿದ್ದು ಎಷ್ಟಕ್ಕೆ, ಮಗು ಮಲಗಿದ್ದು ಎಷ್ಟಕ್ಕೆ, ನಡುವೆ ಎಷ್ಟು ಸಲ ಎದ್ದಿತು, ಬೆಳಿಗ್ಗೆ ತಾನಾಗಿ ಎದ್ದಿತೋ ನೀವು ಎಬ್ಬಿಸಿದಿರೋ, ಸಂಜೆ ಕಾಫಿ–ಚಹಾ ಕುಡಿಯಿತೋ, ಮೊಬೈಲ್ ಯಾವ ಗಂಟೆಯವರೆಗೆ ಯಾರ ಕೈಯಲ್ಲಿತ್ತು. ನಿಮ್ಮ ಕೈಯಲ್ಲಿತ್ತಾದರೆ ಅದನ್ನೂ ಬರೆಯಿರಿ. ವೈದ್ಯರಲ್ಲಿಗೆ ಹೋಗಬೇಕಾಗಿ ಬಂದರೆ ಅವರೂ ಮೊದಲು ಕೇಳುವುದು ಇದನ್ನೇ. ಹೆಚ್ಚಿನವರಿಗೆ ಹತ್ತನೆಯ ದಿನದ ಹೊತ್ತಿಗೆ ಆರೋಪಿ ಯಾರೆಂದು ತಿಳಿದಿರುತ್ತದೆ. ಶಾಲೆಯ ಆಡಳಿತದಲ್ಲಿರುವ ನನ್ನ ಶಿಷ್ಯರು, ಬೆಳಗಿನ ವಿಶೇಷ ತರಗತಿಯೊಂದನ್ನು ಒಂದು ತಿಂಗಳು ನಿಲ್ಲಿಸಿ ನೋಡಿರಿ. ಅಂಕ ಕುಸಿದರೆ ಜವಾಬ್ದಾರಿ ನನ್ನ ಮೇಲೆ ಹೊರಿಸಿರಿ.

ಒಪ್ಪದವರು ಗುರುವಾಯನಕೆರೆಗೆ ಬಂದಾಗ ಮನೆಗೆ ಬನ್ನಿ, ವಾದಿಸೋಣ. ಹಗಲಿನಲ್ಲಿ ಬನ್ನಿ. ರಾತ್ರಿ ಒಂಬತ್ತೂವರೆಗೆ ನಾನು ಮಲಗುತ್ತೇನೆ.